ವಾಲ್ವ್ ರೇಡಿಯೋ ಕೆಟ್ಟಿತೇ? ವಾಲ್ವ್ ಬದಲಿಸುವ ಮುಂಚೆ ನೋಡಬೇಕಾದ್ದು

ಹಳೆ ವಾಲ್ವ್ ರೇಡಿಯೋ ಬಾಯಿ ಮುಚ್ಚಿದರೆ ಎಲ್ಲರೂ ಮೊದಲು ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮುಂಚಿನ, ಸಂಕೇತ ವರ್ಧಿಸುವ ಗಾಜಿನ ಕೊಳವೆ) ಕಡೆಗೇ ಕೈ ತೋರಿಸುತ್ತಾರೆ. ಪಾಪ, ಅದು ಕಣ್ಣಿಗೆ ಕಾಣುತ್ತದೆ. ಬೆಸುಗೆ ಬಿಚ್ಚದೆ ಕಿತ್ತು ತೆಗೆಯಬಹುದು. ‘ಗಾಜಿನ ಬುರುಡೆ, ಎಷ್ಟು ದಿನ ಬಂದೀತು’ ಅನ್ನುವ ನಂಬಿಕೆ ಬೇರೆ. ಟ್ರಾನ್ಸಿಸ್ಟರ್ ಮಾತ್ರ ಶಾಶ್ವತ ಅನ್ನುವುದು ಅದೇ ನಂಬಿಕೆಯ ಇನ್ನೊಂದು ತುದಿ. ಎರಡೂ ಅರ್ಧ ಸತ್ಯ. ಇವತ್ತು ಅಟ್ಟದಿಂದ ಇಳಿಸಿದ ಸೆಟ್‌ನಲ್ಲಿ ಮುದಿಯಾಗಿರುವುದು ಬಹುಪಾಲು ಕಂಡೆನ್ಸರ್‌ಗಳು (ಈಗಿನ ಮಾತಲ್ಲಿ ಕೆಪ್ಯಾಸಿಟರ್), ಆಮೇಲೆ ರೆಸಿಸ್ಟರ್‌ಗಳು. ವಾಲ್ವ್ ಸರದಿ ಅದಾದ ಮೇಲೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 1960ರ ದಶಕದ ಮಾಮೂಲಿ ಐದು ವಾಲ್ವಿನ ಎಸಿ ಸೆಟ್: ಇಸಿಎಚ್81 (ಸ್ಟೇಷನ್ ಹಿಡಿದು ಸಂಕೇತದ ಫ್ರೀಕ್ವೆನ್ಸಿ ಬದಲಿಸಲು), ಇಎಫ್89 (ಆ ಸಂಕೇತ ವರ್ಧಿಸಲು), ಇಬಿಸಿ81 (ಅದರಿಂದ ದನಿ ಬೇರ್ಪಡಿಸಲು), ಇಎಲ್84 (ಸ್ಪೀಕರ್ ಓಡಿಸಲು), ಇಝಡ್80 (ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್). ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸಲು ಶುರು ಮಾಡಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಕಡೆಗೂ ಕೈ ಹಾಕಿತು. ಹಾಗಾಗಿ ನಮ್ಮ ಕಡೆಯ ಮನೆಗಳಲ್ಲಿ ಎರಡೂ ತಲೆಮಾರಿನ ಸೆಟ್‌ಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಟ್ರಾನ್ಸಿಸ್ಟರ್ ಸೆಟ್ ವಿಚಾರ ಕೊನೆಯಲ್ಲಿದೆ.

ಮುಟ್ಟುವ ಮುಂಚೆ

ಈ ಸೆಟ್ ಒಳಗೆ 250 ವೋಲ್ಟ್‌ಗೂ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ, ಡಿಸಿಯನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರ್‌ನಲ್ಲಿ ಉಳಿದಿರಬಹುದು. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಶನ್ ಇರುವ ವೈರ್ ಹಾಕಿ, ಅದರಿಂದ ಡಿಸ್ಚಾರ್ಜ್ ಮಾಡಿ. ಆಮೇಲೆ ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಚಾಳಿ ಬೇಡ. ಕರೆಂಟ್ ಇರುವಾಗ ಅಳೆಯುವುದಿದ್ದರೆ ಮೀಟರಿನ ಕಪ್ಪು ವೈರನ್ನು ಚಾಸಿಗೆ (ಬಿಡಿಭಾಗ ಕೂರಿಸಿದ ಲೋಹದ ತಟ್ಟೆ) ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಲಸ ಮಾಡಿ.

ವಾಲ್ವ್ ನಂಬರ್ ‘ಯು’ ಅಕ್ಷರದಿಂದ ಶುರುವಾದರೆ, ಅಂದರೆ ಯುಸಿಎಚ್81, ಯುಎಲ್84, ಯುವೈ85 ಅಂತ ಇದ್ದರೆ, ಅದು ಎಸಿ-ಡಿಸಿ ಸೆಟ್. ಅದಕ್ಕೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚಾಸಿಯೇ ಮೇನ್ಸಿನ ಒಂದು ವೈರ್‌ಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿ ಮೇಲೆ 230 ವೋಲ್ಟ್ ಕೂತಿರುತ್ತದೆ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಅಂಥ ಸೆಟ್ ಬಿಚ್ಚಬೇಡಿ.

ವರ್ಷಗಟ್ಟಲೆ ಸುಮ್ಮನಿದ್ದ ಸೆಟ್‌ಗೆ ನೇರ ಕರೆಂಟ್ ಕೊಡಬೇಡಿ. ಹಳೆ 100 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿದ ಸೀರೀಸ್ ಬೋರ್ಡ್ (ಕರೆಂಟ್ ಬಲ್ಬ್ ದಾಟಿಯೇ ಸೆಟ್‌ಗೆ ಹೋಗುವ ಬೋರ್ಡ್) ಮೂಲಕ ಕೊಡಿ. ಎಲ್ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಮೊದಲು ಬಲ್ಬ್ ಜೋರಾಗಿ ಹತ್ತಿ ಆಮೇಲೆ ಮಂಕಾದರೆ ಒಳ್ಳೆಯದು. ತಣ್ಣಗಿರುವ ಹೀಟರ್‌ಗಳು (ವಾಲ್ವ್ ಒಳಗೆ ಕಾಯುವ ತಂತಿ) ಜಾಸ್ತಿ ಕರೆಂಟ್ ಎಳೆಯುತ್ತವೆ, ಅಷ್ಟೇ. ಜೋರಾಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ. ಮೊದಲು ಅನುಮಾನಿಸಬೇಕಾದ್ದು ಫಿಲ್ಟರ್ ಕಂಡೆನ್ಸರ್. ಹಿಂಬದಿಯ ವೋಲ್ಟೇಜ್ ಸೆಲೆಕ್ಟರನ್ನೂ ನೋಡಿ. ಕೆಳಗಿನ ಟ್ಯಾಪ್‌ನಲ್ಲಿ ಕೂತಿದ್ದರೆ ಇಂದಿನ 230 ವೋಲ್ಟ್‌ಗೆ ಹೀಟರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಬಿಸಿಯಾಗುತ್ತವೆ.

ದೋಷ ಬಂದದ್ದು ಹೇಗೆ ಅಂತ ಕೇಳಿ

ಮೀಟರ್ ಹಿಡಿಯುವ ಮುಂಚೆ ಸೆಟ್‌ನ ಯಜಮಾನರನ್ನು ಒಂದೇ ಪ್ರಶ್ನೆ ಕೇಳಿ. ನಿಧಾನಕ್ಕೆ ಹಾಳಾಯಿತೋ, ಇದ್ದಕ್ಕಿದ್ದಂತೆ ನಿಂತಿತೋ, ಬಿಸಿಯಾದ ಮೇಲೆ ಕೆಡುತ್ತದೆಯೋ? ಅರ್ಧ ಪತ್ತೆ ಕೆಲಸ ಈ ಉತ್ತರದಲ್ಲೇ ಮುಗಿಯುತ್ತದೆ.

ವಾಲ್ವ್ ಚಪ್ಪಲಿ ಸವೆದ ಹಾಗೆ ಸವೆಯುತ್ತದೆ. ಅದರ ನಡುವೆ ನಿಕಲ್ ಕೊಳವೆಯೊಂದಿದೆ, ಅದೇ ಕ್ಯಾಥೋಡ್. ಅದರ ಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್ ಬಳಿದಿರುತ್ತಾರೆ. ಹೀಟರ್ ಅದನ್ನು ಕೆಂಪಗೆ ಕಾಯಿಸಿದಾಗ ಎಲೆಕ್ಟ್ರಾನ್ ಹೊರಬರುತ್ತದೆ. ಕೆಲಸ ಮಾಡಿದಷ್ಟೂ ಆ ಬೇರಿಯಂ ಆವಿಯಾಗಿ ಹೋಗುತ್ತದೆ. ನಿಕಲ್‌ನಲ್ಲಿರುವ ಸಿಲಿಕಾನ್ ಆಕ್ಸೈಡ್ ಜೊತೆ ಸೇರಿ, ನಡುವೆ ಕರೆಂಟ್ ತಡೆಯುವ ಪದರವೂ ಬೆಳೆಯಬಹುದು. ಇದೆಲ್ಲ ಸಾವಿರಾರು ಗಂಟೆಗಳ ಮಾತು. ವೃತ್ತಿಪರ ಉಪಕರಣಗಳಿಗೆಂದು ಮಾಡಿದ ಇ88ಸಿಸಿ ತರದ ವಾಲ್ವ್‌ಗಳಿಗೆ 10,000 ಗಂಟೆ ಅಂತ ಭರವಸೆ ಕೊಡುತ್ತಿದ್ದರು. ದಿನಕ್ಕೆ ಮೂರು ಗಂಟೆ ಹಾಕಿದರೆ ಒಂಬತ್ತು ವರ್ಷ ಆಯಿತಲ್ಲ. ಬಳಸದೆ ಡಬ್ಬಿಯಲ್ಲಿಟ್ಟ ವಾಲ್ವ್‌ನ ಕ್ಯಾಥೋಡ್ ಸವೆಯುವುದೇ ಇಲ್ಲ. ಗಾಜಿನ ಸೀಲ್ ಗಟ್ಟಿಯಾಗಿದ್ದರೆ ಅರವತ್ತು ವರ್ಷದ ಮೇಲೂ ಹೊಸದೇ. ಪೇಪರ್ ಕಂಡೆನ್ಸರ್ ಹಾಗಲ್ಲ. ಬಳಸದಿದ್ದರೂ ತೇವ ಕುಡಿದು ಲೀಕ್ ಆಗುತ್ತದೆ.

ಟ್ರಾನ್ಸಿಸ್ಟರ್‌ನಲ್ಲಿ ಆವಿಯಾಗಿ ಹೋಗುವಂಥದ್ದು ಏನೂ ಇಲ್ಲ. ಬಿಸಿ ಮತ್ತು ವೋಲ್ಟೇಜ್ ಮಿತಿಯೊಳಗಿದ್ದರೆ ಸಿಲಿಕಾನ್ ಟ್ರಾನ್ಸಿಸ್ಟರ್ ದಶಕಗಟ್ಟಲೆ ಹಾಗೇ ಇರುತ್ತದೆ. ಆದರೆ ಮಿತಿ ದಾಟಿದರೆ ಕ್ಷಮೆ ಇಲ್ಲ. ಮಳೆಗಾಲದ ಒಂದು ಸಿಡಿಲು, ತಪ್ಪಿ ಜಾರಿದ ಒಂದು ಪ್ರೋಬ್, ಮಿಲಿಸೆಕೆಂಡಿನ ಶಾರ್ಟ್ ಸಾಕು. ವಾಲ್ವ್‌ನ ಪ್ಲೇಟ್ (ಆನೋಡ್ ಅಂತಲೂ ಹೇಳುತ್ತಾರೆ, ಎಲೆಕ್ಟ್ರಾನ್ ಹೋಗಿ ಸೇರುವ ಲೋಹದ ತಗಡು) ಒಂದೆರಡು ನಿಮಿಷ ಕೆಂಪಾದರೂ ಆಫ್ ಮಾಡಿದರೆ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ಕಥೆ ಮುಗಿದಿರುತ್ತದೆ.

ಆದ್ದರಿಂದ ವಾಲ್ವ್ ಸೆಟ್ ಒಂದೇ ಸಲ ನಿಂತರೆ ಸವೆತವನ್ನು ಅನುಮಾನಿಸಬೇಡಿ. ಫ್ಯೂಸ್, ಹೀಟರ್, ಶಾರ್ಟ್ ಆದ ಕಂಡೆನ್ಸರ್, ತುಂಡಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇವನ್ನು ನೋಡಿ. ತಿಂಗಳುಗಟ್ಟಲೆ ದನಿ ಕುಗ್ಗುತ್ತಾ ಬಂದಿದ್ದರೆ ಮಾತ್ರ ವಾಲ್ವ್ ಮೇಲೆ ಕಣ್ಣಿಡಿ. ಆಗಲೂ ಅಳೆಯದೆ ತೀರ್ಮಾನ ಮಾಡಬೇಡಿ.

ಕಣ್ಣಲ್ಲೇ ಗೊತ್ತಾಗುವುದು

ಗಾಜಿನ ತುದಿಯಲ್ಲಿ ಕನ್ನಡಿಯಂಥ ಕಲೆ ಇರುತ್ತದೆ, ಅದು ಗೆಟರ್. ಒಳಗೆ ಉಳಿದ ಗಾಳಿಯನ್ನು ನುಂಗಲು ಹಾಕಿದ ಬೇರಿಯಂ ಅದು. ಬೆಳ್ಳಿ ಬಣ್ಣ ಅಥವಾ ಕಪ್ಪು ಹೊಳಪು ಇದ್ದರೆ ಚಿಂತೆಯಿಲ್ಲ. ಹಾಲಿನ ಬಿಳಿಗೆ ತಿರುಗಿದ್ದರೆ ಗಾಳಿ ಒಳಗೆ ಹೋಗಿದೆ ಅಂತ ಅರ್ಥ. ಅಂಥದ್ದನ್ನು ಸೆಟ್‌ಗೆ ಹಾಕಿ ನೋಡುವ ಅಗತ್ಯವೇ ಇಲ್ಲ, ಎಸೆಯಿರಿ.

ಬಣ್ಣದ ವಿಚಾರದಲ್ಲಿ ಸುಮ್ನೆ ಗಾಬರಿ ಬೀಳುವವರು ಜಾಸ್ತಿ. ಇಎಲ್84ರ ಗಾಜಿನ ಒಳಮೈಯಲ್ಲಿ ನೀಲಿ ಮಿಂಚು ಕಂಡರೆ ಅದು ದಾರಿ ತಪ್ಪಿದ ಎಲೆಕ್ಟ್ರಾನ್‌ಗಳು ಗಾಜಿಗೆ ಬಡಿಯುವ ಬೆಳಕು, ದೋಷವಲ್ಲ. ಒಳಗಿನ ಲೋಹದ ಭಾಗಗಳ ನಡುವೆ ನೇರಳೆ ಅಥವಾ ಗುಲಾಬಿ ಮಂಜು ತುಂಬಿದಂತೆ ಕಂಡರೆ ಮಾತ್ರ ಗ್ಯಾಸ್. ಹೀಟರಿನ ಕಿತ್ತಳೆ ಬೆಳಕು ಮಾಮೂಲಿ. ಹೊರಗಿನ ಬೂದು ಬಣ್ಣದ ಪ್ಲೇಟೇ ಕೆಂಪಾಗುತ್ತಿದ್ದರೆ ತಕ್ಷಣ ಸ್ವಿಚ್ ಆಫ್ ಮಾಡಿ.

ಮ್ಯಾಜಿಕ್ ಐ (ಸ್ಟೇಷನ್ ಸರಿಯಾಗಿ ಸಿಕ್ಕಿದ್ದನ್ನು ತೋರಿಸುವ ಹಸಿರು ಕಣ್ಣು) ಮಂಕಾಗಿದ್ದರೆ ಅದು ಅದರ ಒಳಗಿನ ಫಾಸ್ಫರ್ ಸವೆತ. ರೇಡಿಯೋ ದನಿಗೂ ಅದಕ್ಕೂ ಸಂಬಂಧವಿಲ್ಲ.

ಒಂದು ವಾಲ್ವ್ ಹತ್ತುತ್ತಲೇ ಇಲ್ಲ

ಕಿತ್ತು ತೆಗೆದು 4 ಮತ್ತು 5ನೇ ಪಿನ್ ನಡುವೆ ಓಮ್ ಅಳೆಯಿರಿ. ಮೇಲೆ ಹೇಳಿದ ಐದಕ್ಕೂ ಹೀಟರ್ ಅಲ್ಲೇ. ಇಎಲ್84 6.3 ವೋಲ್ಟ್‌ಗೆ 0.76 ಆಂಪಿಯರ್ ತೆಗೆದುಕೊಳ್ಳುತ್ತದೆ, ಅಂದರೆ ಬಿಸಿಯಾಗಿದ್ದಾಗ ಸುಮಾರು 8 ಓಮ್. ತಣ್ಣಗಿದ್ದಾಗ ಒಂದೆರಡು ಓಮ್ ತೋರಿಸುತ್ತದೆ. ಶಾರ್ಟ್ ಆಗಿದೆ ಅಂದುಕೊಳ್ಳಬೇಡಿ. ಏನೂ ತೋರಿಸದಿದ್ದರೆ ಹೀಟರ್ ತುಂಡಾಗಿದೆ, ಮಾತೇ ಇಲ್ಲ, ವಾಲ್ವ್ ಬದಲಿಸಿ. ಓಮ್ ಸರಿಯಿದ್ದರೂ ಹತ್ತದಿದ್ದರೆ ಸಾಕೆಟ್ ನೋಡಿ. ಮಂಗಳೂರು, ಉಡುಪಿ ಕಡೆಯ ಸೆಟ್‌ಗಳಲ್ಲಿ ಉಪ್ಪುಗಾಳಿಗೆ ಪಿನ್ ಮತ್ತು ಸಾಕೆಟ್ ಎರಡೂ ಕಿಲುಬು ಹಿಡಿದಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಾಲ್ಕಾರು ಸಲ ಹಾಕಿ ತೆಗೆದರೆ ಬಹಳಷ್ಟು ಸಲ ಸರಿಹೋಗುತ್ತದೆ.

‘ಯು’ ಸರಣಿಯಲ್ಲಿ ಹೀಟರ್‌ಗಳೆಲ್ಲ ಸೀರೀಸ್‌ನಲ್ಲಿ, 100 ಮಿಲಿಆಂಪಿಯರ್‌ನಲ್ಲಿ ಓಡುತ್ತವೆ. ಒಂದು ಹೋದರೆ ಎಲ್ಲವೂ ಕತ್ತಲೆ. ಒಂದೊಂದನ್ನೂ ತೆಗೆದು ಅಳೆಯದೆ ಗತಿಯಿಲ್ಲ.

ಹೀಟರ್ ತುಂಡಾಗುವುದು ಹೆಚ್ಚಾಗಿ ಸ್ವಿಚ್ ಹಾಕುವ ಕ್ಷಣದಲ್ಲಿ. ಅಮೆರಿಕದಲ್ಲಿ 1946ರಲ್ಲಿ ಕೆಲಸ ಶುರು ಮಾಡಿದ ಎನಿಯಾಕ್ ಕಂಪ್ಯೂಟರ್‌ನಲ್ಲಿ ಸುಮಾರು 17,500 ವಾಲ್ವ್ ಇದ್ದವು. ಆನ್-ಆಫ್ ಮಾಡುವಾಗಲೇ ಜಾಸ್ತಿ ಹೋಗುತ್ತವೆ ಅಂತ ಕಂಡ ಮೇಲೆ ಅದನ್ನು ಆರಿಸದೆ ಇಡುತ್ತಿದ್ದರು. ಬ್ರಿಟನ್ನಿನ ಎಂಜಿನಿಯರ್ ಟಾಮಿ ಫ್ಲವರ್ಸ್ ಟೆಲಿಫೋನ್ ಎಕ್ಸ್‌ಚೇಂಜ್ ಅನುಭವದಿಂದ ಇದನ್ನು ಅದಕ್ಕೂ ಮುಂಚೆಯೇ ಅರಿತಿದ್ದರು. ಅಟ್ಲಾಂಟಿಕ್ ತಳದಲ್ಲಿ ಹಾಸಿದ ಟ್ಯಾಟ್-1 ಟೆಲಿಫೋನ್ ಕೇಬಲ್‌ನಲ್ಲೂ ದನಿ ವರ್ಧಿಸಲು ಇದ್ದದ್ದು ವಾಲ್ವ್‌ಗಳೇ. ಆ ಕೇಬಲ್ 1956ರಿಂದ 1978ರವರೆಗೆ ಓಡಿತು. ಸಮುದ್ರದ ತಳಕ್ಕೆ ಹೋಗಿ ವಾಲ್ವ್ ಬದಲಿಸುವವರು ಯಾರು? ಹಾಗಂತ ನಿಮ್ಮ ರೇಡಿಯೋವನ್ನು ಹಗಲೂ ರಾತ್ರಿ ಹಾಕಿಡಿ ಅಂತ ಹೇಳುತ್ತಿಲ್ಲ. ಐದು ನಿಮಿಷಕ್ಕೊಮ್ಮೆ ಆರಿಸಿ ಹಾಕುವ ಉಳಿತಾಯ ಉಳಿತಾಯವಲ್ಲ, ಅಷ್ಟೇ.

ಬಿಸಿಯಾದ ಮೇಲೆ ದನಿ ಒಡೆಯುತ್ತದೆ, ಇಎಲ್84 ಕೆಂಪಾಗುತ್ತದೆ

ಇಡೀ ಕೈಪಿಡಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಯಾಕೆಂದರೆ ಇಲ್ಲಿ ವಾಲ್ವ್ ಬದಲಿಸಿದರೆ ಸೆಟ್ ಸರಿಹೋದಂತೆ ಕಾಣುತ್ತದೆ. ಹೊಸ ವಾಲ್ವ್ ಸ್ವಲ್ಪ ದಿನ ಹಾಡುತ್ತದೆ, ಆಮೇಲೆ ಅದೂ ಹೋಗುತ್ತದೆ. ‘ಈಗಿನ ವಾಲ್ವ್ ಸರಿಯಿಲ್ಲ’ ಅನ್ನುವ ದೂರು ಬಹಳಷ್ಟು ಸಲ ಹುಟ್ಟುವುದು ಇಲ್ಲೇ.

ಇಬಿಸಿ81ರ ಆನೋಡ್‌ನಿಂದ ಇಎಲ್84ರ ಗ್ರಿಡ್‌ಗೆ (ಎಲೆಕ್ಟ್ರಾನ್ ಹರಿವನ್ನು ಹತೋಟಿಯಲ್ಲಿಡುವ ಜಾಲರಿ) ಒಂದು ಸಣ್ಣ ಕಂಡೆನ್ಸರ್ ಇದೆ. ಸಾಮಾನ್ಯವಾಗಿ 0.01 ಅಥವಾ 0.022 ಮೈಕ್ರೋಫ್ಯಾರಡ್. ಅದರ ಕೆಲಸ ಹಾಡನ್ನು ಬಿಟ್ಟು ಡಿಸಿಯನ್ನು ತಡೆಯುವುದು. ಹಳೆ ಪೇಪರ್ ಕಂಡೆನ್ಸರ್ ಡಿಸಿಯನ್ನೂ ಚೂರು ಚೂರು ಬಿಡುತ್ತದೆ. ಆನೋಡ್‌ನಲ್ಲಿ 100 ವೋಲ್ಟ್ ಇದೆ, ಲೀಕ್ 20 ಮೆಗಾಓಮ್, ಗ್ರಿಡ್ ರೆಸಿಸ್ಟರ್ 1 ಮೆಗಾಓಮ್ ಅಂದುಕೊಳ್ಳಿ. ಗ್ರಿಡ್ ಮೇಲೆ ಸುಮಾರು 4.8 ವೋಲ್ಟ್ ಪಾಸಿಟಿವ್ ಕೂರುತ್ತದೆ. ಇಎಲ್84ರ ಆನೋಡ್ ತಡೆಯುವ ಮಿತಿ 12 ವ್ಯಾಟ್. 250 ವೋಲ್ಟ್, 48 ಮಿಲಿಆಂಪಿಯರ್‌ನ ಮಾಮೂಲಿ ಕೆಲಸದಲ್ಲೇ ಅದು ಆ ಮಿತಿಯ ಅಂಚಿನಲ್ಲಿರುತ್ತದೆ. ಆ 4.8 ವೋಲ್ಟ್ ಸೇರಿದರೆ 16 ವ್ಯಾಟ್ ಆಸುಪಾಸು ತಲುಪುತ್ತದೆ. ಪ್ಲೇಟ್ ಕೆಂಪಾಗದೆ ಇನ್ನೇನಾದೀತು?

ಪತ್ತೆ ಹೀಗೆ. ಸೆಟ್ ಹಾಕಿ ಹತ್ತು ನಿಮಿಷ ಬಿಡಿ. ಇಎಲ್84ರ 2ನೇ ಪಿನ್‌ನಿಂದ ಚಾಸಿಗೆ ಡಿಸಿ ಅಳೆಯಿರಿ. ಸೊನ್ನೆ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಇದ್ದರೂ ಅನುಮಾನಿಸಿ. ಇದ್ದರೆ ತಪ್ಪಿತಸ್ಥರು ಇಬ್ಬರಲ್ಲಿ ಒಬ್ಬರು. ಕಂಡೆನ್ಸರ್ ಲೀಕ್ ಇರಬೇಕು, ಇಲ್ಲವೇ ವಾಲ್ವ್ ಒಳಗೆ ಗ್ಯಾಸ್ ಸೇರಿ ಅಥವಾ ಗ್ರಿಡ್ಡೇ ಬಿಸಿಯಾಗಿ ಗ್ರಿಡ್ ಕರೆಂಟ್ ಹರಿಯುತ್ತಿರಬೇಕು.

ಬೇರ್ಪಡಿಸುವುದು ಸುಲಭ. ಸ್ವಿಚ್ ಆಫ್ ಮಾಡಿ, ಇಎಲ್84 ಕಿತ್ತು, ಮತ್ತೆ ಆನ್ ಮಾಡಿ, ಖಾಲಿ ಸಾಕೆಟ್‌ನ 2ನೇ ಪಿನ್ ಅಳೆಯಿರಿ. ಪಾಸಿಟಿವ್ ಹಾಗೇ ಇದ್ದರೆ ಕಂಡೆನ್ಸರ್ ಕಳ್ಳ. ಮಾಯವಾದರೆ ವಾಲ್ವ್. ಲೋಡ್ ಇಲ್ಲದೆ ಎಚ್‌ಟಿ (ವಾಲ್ವ್‌ಗಳಿಗೆ ಹೋಗುವ ಹೈ ವೋಲ್ಟೇಜ್ ಡಿಸಿ) ಏರುತ್ತದೆ, ಫಿಲ್ಟರ್ ಕಂಡೆನ್ಸರ್‌ಗೆ ಭಾರ. ಆದ್ದರಿಂದ ಅಳೆದ ತಕ್ಷಣ ಆರಿಸಿಬಿಡಿ.

ಕಂಡೆನ್ಸರನ್ನು ಬಿಡಿಸಿ ಮಲ್ಟಿಮೀಟರಿನ ಓಮ್ ರೇಂಜ್‌ನಲ್ಲಿ ಪರೀಕ್ಷಿಸಿ ‘ಚೆನ್ನಾಗಿದೆ’ ಅನ್ನಬೇಡಿ. ಮೀಟರ್ ಕೊಡುವುದು ಅತಿ ಕಡಿಮೆ ವೋಲ್ಟ್. ಲೀಕ್ ಕಾಣಿಸುವುದು ನೂರರ ಮೇಲೆ. ನನ್ನ ಮಟ್ಟಿಗೆ ಹೇಳುವುದಾದರೆ, ಪೇಪರ್ ಕಂಡೆನ್ಸರ್ ಇದ್ದರೆ ಪರೀಕ್ಷೆಯೇ ಬೇಡ. 630 ವೋಲ್ಟ್‌ನ ಪಾಲಿಯೆಸ್ಟರ್ ಹಾಕಿ ಮುಂದೆ ಹೋಗಿ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ವಾಲ್ವ್‌ಗೆ ಕೊಡುವ ದುಡ್ಡಿನ ಚಿಕ್ಕ ಚೂರಿನಲ್ಲಿ ಇದು ಸಿಗುತ್ತದೆ.

ಗ್ರಿಡ್ ಸೊನ್ನೆ ಇದ್ದೂ ಪ್ಲೇಟ್ ಕೆಂಪಾಗುತ್ತಿದ್ದರೆ 3ನೇ ಪಿನ್ ನೋಡಿ, ಅದು ಕ್ಯಾಥೋಡ್. ಅಲ್ಲಿ ಸೊನ್ನೆ ಇದ್ದರೆ ಕ್ಯಾಥೋಡ್ ರೆಸಿಸ್ಟರ್‌ಗೆ ಅಡ್ಡ ಹಾಕಿದ ಬೈಪಾಸ್ ಎಲೆಕ್ಟ್ರೋಲೈಟಿಕ್ ಕಂಡೆನ್ಸರ್ ಶಾರ್ಟ್.

ದನಿ ಕುಗ್ಗುತ್ತಾ ಬಂದಿದೆ

ಈಗ ಸವೆತದ ಸರದಿ. ಮೊದಲು ಎಚ್‌ಟಿ ಅಳೆಯಿರಿ. 230ರಿಂದ 280 ವೋಲ್ಟ್ ನಡುವೆ ಇರಬೇಕು. 180ಕ್ಕೆ ಇಳಿದಿದ್ದರೆ ಇಝಡ್80 ಸವೆದಿರಬಹುದು, ಅಥವಾ ಮೊದಲ ಫಿಲ್ಟರ್ ಕಂಡೆನ್ಸರ್ ಒಣಗಿರಬಹುದು. ಆ ಕಂಡೆನ್ಸರ್ ಬದಲಿಸುವಾಗ ‘ದೊಡ್ಡದಿದ್ದರೆ ಒಳ್ಳೆಯದು’ ಅಂತ 220 ಮೈಕ್ರೋಫ್ಯಾರಡ್ ಹಾಕಬೇಡಿ. ಇಝಡ್80ಗೆ 50 ಮೇಲ್ಮಿತಿ. ಜಾಸ್ತಿಯಾದರೆ ಪ್ರತಿ ಸೈಕಲ್‌ನಲ್ಲೂ ದೊಡ್ಡ ಕರೆಂಟ್ ಎಳೆದು ರೆಕ್ಟಿಫೈಯರ್ ಕ್ಯಾಥೋಡನ್ನು ಹಾಳುಮಾಡುತ್ತದೆ.

ಎಚ್‌ಟಿ ಸರಿ ಇದ್ದರೆ ಇಎಲ್84ರ ಕ್ಯಾಥೋಡ್ ವೋಲ್ಟ್ ಅಳೆಯಿರಿ. ಕ್ಯಾಥೋಡ್ ರೆಸಿಸ್ಟರ್ 135 ಅಥವಾ 150 ಓಮ್ ಇರುತ್ತದೆ. ಅದರ ಮೇಲೆ 7 ವೋಲ್ಟ್ ಹತ್ತಿರ ಬರಬೇಕು. ಬರೀ 3 ವೋಲ್ಟ್ ಇದ್ದರೆ ವಾಲ್ವ್ ಎಳೆಯುತ್ತಿರುವುದು 20 ಮಿಲಿಆಂಪಿಯರ್ ಅಷ್ಟೇ. 9ನೇ ಪಿನ್‌ನಲ್ಲಿ ಸ್ಕ್ರೀನ್ (ಎರಡನೇ ಗ್ರಿಡ್) ವೋಲ್ಟೇಜ್ ಸರಿಯಾಗಿದ್ದರೆ ಈಗ ಧೈರ್ಯವಾಗಿ ಹೇಳಬಹುದು, ವಾಲ್ವ್ ಸವೆದಿದೆ. ಕ್ಯಾಥೋಡ್ 10 ವೋಲ್ಟ್ ದಾಟಿದ್ದರೆ ಇಎಲ್84 ಕೆಂಪಾಗುವ ಮೇಲಿನ ಭಾಗಕ್ಕೆ ವಾಪಸ್ ಹೋಗಿ.

ಇಬಿಸಿ81ರ ಆನೋಡ್ ರೆಸಿಸ್ಟರನ್ನೂ ಸೆಟ್ ಆಫ್ ಮಾಡಿ, ಒಂದು ಕಾಲು ಬಿಡಿಸಿ ಅಳೆಯಿರಿ. 220 ಕಿಲೋಓಮ್ ಅಂತ ಬರೆದಿದ್ದು 400 ತೋರಿಸುವುದು ಅಪರೂಪವೇನಲ್ಲ. ಹಳೆ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು ವಯಸ್ಸಾದಂತೆ ಮೇಲಕ್ಕೇ ಏರುತ್ತವೆ.

ಸಂಜೆ ಮಾತ್ರ ಸ್ಟೇಷನ್ ಮಾಯ

ಬೆಳಿಗ್ಗೆ ಚೆನ್ನಾಗಿ ಬರುತ್ತದೆ, ಸಂಜೆ ಊರಿನ ವೋಲ್ಟೇಜ್ ಇಳಿದಾಗ ಸ್ಟೇಷನ್ನೇ ಇರುವುದಿಲ್ಲ, ಬರೀ ಸೊರ್ ಸದ್ದು. ಇದು ಸವೆದ ಇಸಿಎಚ್81ರ ಲಕ್ಷಣ. ಚೆನ್ನಾಗಿರುವ ಕ್ಯಾಥೋಡ್‌ಗೆ ಮೀಸಲು ಶಕ್ತಿ ಇರುತ್ತದೆ. ಹೀಟರ್ ಹತ್ತು ಪರ್ಸೆಂಟ್ ಕಡಿಮೆಯಾದರೂ ಅದಕ್ಕೆ ಗೊತ್ತಾಗುವುದೇ ಇಲ್ಲ. ಸವೆದದ್ದು ತಕ್ಷಣ ಕುಸಿಯುತ್ತದೆ. ವಾಲ್ವ್ ಟೆಸ್ಟರ್‌ಗಳಲ್ಲಿ ‘ಲೈಫ್ ಟೆಸ್ಟ್’ ಅಂತ ಇದ್ದ ಸ್ವಿಚ್ ಮಾಡುತ್ತಿದ್ದುದೂ ಇದನ್ನೇ. ನಮ್ಮ ಹಳ್ಳಿಗಳಲ್ಲಿ ಆ ಪರೀಕ್ಷೆಯನ್ನು ಕರೆಂಟಿನವರೇ ಪುಕ್ಕಟೆ ಮಾಡಿಕೊಡುತ್ತಾರೆ!

ಖಚಿತ ಮಾಡಿಕೊಳ್ಳಲು ಪಕ್ಕದಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಇಡಿ. ವಾಲ್ವ್ ಸೆಟ್ಟನ್ನು ಬೆಂಗಳೂರಿನ 612 ಕಿಲೋಹರ್ಟ್ಜ್‌ಗೆ ತಿರುಗಿಸಿ. ಅದರ ಐಎಫ್ (ಎಲ್ಲ ಸ್ಟೇಷನ್ನನ್ನೂ ಬದಲಿಸಿ ತರುವ ಒಂದೇ ಮಧ್ಯದ ಫ್ರೀಕ್ವೆನ್ಸಿ) 455 ಆದರೆ, ಆ ಬದಲಾವಣೆಗೆ ಬೇಕಾದ ಅಲೆ ಹುಟ್ಟಿಸುವ ಒಳಗಿನ ಆಸಿಲೇಟರ್ 1067ರಲ್ಲಿ ಓಡುತ್ತಿರಬೇಕು. ಸಣ್ಣ ರೇಡಿಯೋವನ್ನು ಮೀಡಿಯಂ ವೇವ್‌ನಲ್ಲಿ ಆ ಜಾಗದ ಆಸುಪಾಸು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಸೊರ್ ಸದ್ದು ಇದ್ದಕ್ಕಿದ್ದಂತೆ ತಗ್ಗಿದರೆ ಆಸಿಲೇಟರ್ ಬದುಕಿದೆ. ವಾಲ್ವ್ ಸೆಟ್‌ನ ಡಯಲ್ ಸ್ವಲ್ಪ ಸರಿಸಿದಾಗ ಆ ಜಾಗವೂ ಸರಿಯಬೇಕು. ಎಲ್ಲೂ ಸಿಗದಿದ್ದರೆ ಆಸಿಲೇಟರ್ ನಿಂತಿದೆ. ಬ್ಯಾಂಡ್ ಸ್ವಿಚ್ ತೊಳೆದ ಮೇಲೂ ಹಾಗೇ ಇದ್ದರೆ ಬೇರೆ ಇಸಿಎಚ್81 ಹಾಕಿ ನೋಡಿ.

ಈ ಹಂತದಲ್ಲಿ ಐಎಫ್ ಕಾಯಿಲ್‌ಗಳನ್ನು ಮಾತ್ರ ತಿರುಗಿಸಬೇಡಿ. ಸ್ಕ್ರೂ ಕಂಡರೆ ತಿರುಗಿಸುವ ಚಟದಿಂದ ಕೆಟ್ಟ ಸೆಟ್‌ಗಳು, ವಾಲ್ವ್ ಸವೆದು ಕೆಟ್ಟ ಸೆಟ್‌ಗಳಿಗಿಂತ ಕಡಿಮೆ ಇರಲಿಕ್ಕಿಲ್ಲ.

ಗುಂಯ್ ಸದ್ದು

ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಹಾಗೇ ಇದ್ದರೆ ಫಿಲ್ಟರ್ ಕಂಡೆನ್ಸರ್. ಇಝಡ್80 ಎರಡೂ ಅರ್ಧ ಸೈಕಲ್ ಬಳಸುವುದರಿಂದ ಆ ಸದ್ದು 100 ಹರ್ಟ್ಜ್, ಸ್ವಲ್ಪ ಕರ್ಕಶ. ಅದಕ್ಕಿಂತ ಕೆಳಗಿನ, ಮೆತ್ತನೆಯ 50 ಹರ್ಟ್ಜ್ ಸದ್ದಾದರೆ ಹೀಟರ್ ಮತ್ತು ಕ್ಯಾಥೋಡ್ ನಡುವೆ ಲೀಕ್ ಇರಬಹುದು. ಅದು ವಾಲ್ವಿನದೇ ದೋಷ. ಬೇರೆ ವಾಲ್ವ್ ಹಾಕಿ ನೋಡುವುದೇ ಸುಲಭದ ದಾರಿ.

ಟ್ರಾನ್ಸಿಸ್ಟರ್ ಸೆಟ್ ಆದರೆ

ಇಲ್ಲಿ ಕ್ರಮ ತಿರುಗುಮುರುಗು. ಟ್ರಾನ್ಸಿಸ್ಟರ್ ಸವೆಯುವುದಿಲ್ಲವಾದ್ದರಿಂದ ನಿಧಾನಕ್ಕೆ ಕುಗ್ಗಿದ ದನಿಗೆ ಅದನ್ನು ಕೊನೆಗೆ ನೋಡಿ. ಮೊದಲು ಸೆಲ್ ಸೋರಿ ಕಿಲುಬು ಹಿಡಿದ ಸ್ಪ್ರಿಂಗ್, ವಾಲ್ಯೂಮ್ ಕಂಟ್ರೋಲ್, ಆಮೇಲೆ ಒಣಗಿದ ಎಲೆಕ್ಟ್ರೋಲೈಟಿಕ್‌ಗಳು. ಇದ್ದಕ್ಕಿದ್ದಂತೆ ನಿಂತಿದ್ದರೆ ಸ್ಪೀಕರ್ ಓಡಿಸುವ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ ನೋಡಿ. ಮೀಟರಿನ ಡಯೋಡ್ ರೇಂಜ್‌ನಲ್ಲಿ ಬೇಸ್ ಕಾಲಿನಿಂದ ಉಳಿದ ಎರಡೂ ಕಾಲಿಗೆ ಜರ್ಮೇನಿಯಂ ಆದರೆ 0.2 ವೋಲ್ಟ್, ಸಿಲಿಕಾನ್ ಆದರೆ 0.6 ಆಸುಪಾಸು ಬರಬೇಕು. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಶಾರ್ಟ್. ಎಸಿ128 ತರದ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿಯಾದಾಗ ಲೀಕೇಜ್ ಏರುತ್ತದೆ. ಲೀಕೇಜ್ ಏರಿದರೆ ಇನ್ನೂ ಬಿಸಿ. ಬೇಸಿಗೆ ಮಧ್ಯಾಹ್ನ ಮಾತ್ರ ದನಿ ಒಡೆದರೆ ಇದನ್ನೇ ಅನುಮಾನಿಸಿ.

ಟ್ರಾನ್ಸಿಸ್ಟರ್‌ಗೆ ವಯಸ್ಸಾಗುವುದಿಲ್ಲ ಅನ್ನುವ ಮಾತಿಗೆ ದೊಡ್ಡ ಅಪವಾದ ಎಎಫ್114ರಿಂದ ಎಎಫ್117ರವರೆಗಿನ ಸರಣಿ. ನಾಲ್ಕು ಕಾಲಿನ, ಉದ್ದ ಲೋಹದ ಡಬ್ಬಿ. ಆ ಡಬ್ಬಿಯ ಒಳಮೈಯ ತವರದ ಲೇಪದಿಂದ ಕೂದಲಿಗಿಂತ ತೆಳ್ಳಗಿನ ತಂತಿಗಳು ತಾವಾಗಿಯೇ ಬೆಳೆಯುತ್ತವೆ. ಹತ್ತಾರು ವರ್ಷಗಳಲ್ಲಿ ಅವು ಒಳಗಿನ ಟ್ರಾನ್ಸಿಸ್ಟರ್‌ಗೆ ತಾಗಿ ಶಾರ್ಟ್ ಮಾಡುತ್ತವೆ. ಬಳಸದೆ ಅಂಗಡಿಯಲ್ಲಿದ್ದ ಹೊಸ ಪೀಸ್‌ನಲ್ಲೂ ಹೀಗೇ. ಅಳೆಯುವುದಿದ್ದರೆ ಕಾಲುಗಳನ್ನು ಬೋರ್ಡ್‌ನಿಂದ ಬಿಡಿಸಿ, ನಾಲ್ಕನೆಯ ಶೀಲ್ಡ್ ಕಾಲಿಗೂ ಉಳಿದ ಮೂರಕ್ಕೂ ನಡುವೆ ಓಮ್ ನೋಡಿ. ಏನೂ ತೋರಿಸಬಾರದು. ಒಂದಕ್ಕೆ ಮಾತ್ರ ಶಾರ್ಟ್ ಇದ್ದರೆ ಶೀಲ್ಡ್ ಕಾಲನ್ನು ಕತ್ತರಿಸಿ ಉಳಿದ ಮೂರನ್ನು ಮತ್ತೆ ಬೆಸೆಯಿರಿ, ಸೆಟ್ ಹಾಡುತ್ತದೆ. ಎರಡು ಕಾಲಿಗೆ ಶಾರ್ಟ್ ಇದ್ದರೆ ಡಬ್ಬಿಯ ಮೂಲಕ ಅವೆರಡೂ ಒಂದಕ್ಕೊಂದು ಸೇರಿರುತ್ತವೆ, ಬದಲಿಸಲೇಬೇಕು. ಅದರ ಜಾಗಕ್ಕೆ ಸಿಲಿಕಾನ್ ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕುವವರು ಬಯಾಸ್ (ಬೇಸ್‌ಗೆ ಕೊಡುವ ಸ್ಥಿರ ವೋಲ್ಟೇಜ್) ರೆಸಿಸ್ಟರನ್ನೂ ಬದಲಿಸಬೇಕಾಗುತ್ತದೆ. 0.2 ವೋಲ್ಟ್‌ಗೆ ಹೊಂದಿಸಿದ ಬಯಾಸ್‌ನಲ್ಲಿ 0.6 ಕೇಳುವ ಟ್ರಾನ್ಸಿಸ್ಟರ್ ಆನ್ ಆಗುವುದಿಲ್ಲ.